ಗೊಲ್ಗೊಥಾ: ಗೋಡೆಯಾಚೆಯ ಗುಡ್ಡ, ಕಾಣದ ಊರು

2023ರ ಅಕ್ಟೋಬರ್‌ನಲ್ಲಿ ಗಾಜಾ ಯುದ್ಧ ಶುರುವಾದ ವಾರ ನಮ್ಮ ಆಫೀಸಿನ ತಂಡದ ವಾಟ್ಸ್ಆ್ಯಪ್ ಗುಂಪಿನಲ್ಲಿ ಜಗಳವಾಯಿತು. ಒಬ್ಬರು ಒಂದು ಬಾವುಟ ಹಾಕಿದರು, ಇನ್ನೊಬ್ಬರು ಇನ್ನೊಂದು. ಆಮೇಲೆ ಬಂದ ಮಾತುಗಳಿಗೆ ಯುದ್ಧವೊಂದು ನೆಪ ಅಷ್ಟೇ, ಸಿಟ್ಟು ಇಲ್ಲಿನದೇ ಆಗಿತ್ತು. ಮ್ಯಾನೇಜರ್ ಆದ ನಾನು ‘ಇಲ್ಲಿ ಪ್ರಾಜೆಕ್ಟಿನ ಮಾತು ಮಾತ್ರ’ ಎಂದು ಬರೆದು ಎಲ್ಲರ ಬಾಯಿ ಮುಚ್ಚಿಸಿದೆ. ಕೆಲಸ ನಡೆಯಿತು. ಆ ಸಂಜೆ ನೋಯ್ಡಾದ ಮೆಟ್ರೋದಲ್ಲಿ ಕೂತಾಗ ಮಾತ್ರ ಒಂದು ಪ್ರಶ್ನೆ ಬಿಡಲಿಲ್ಲ. ‘ಸರಿ, ಮಾತಾಡಿ’ ಎಂದಿದ್ದರೆ ನಾನೇ ಏನು ಹೇಳುತ್ತಿದ್ದೆ? ಮೂರು ಧರ್ಮಗಳು ತಮ್ಮದೆನ್ನುವ ಆ ಊರಿನ ಬಗ್ಗೆ ನನ್ನ ಭಾಷೆಯಲ್ಲಿ ನಾನು ಓದಿದ್ದೇನು? ನೆನಪಿಗೆ ಬಂದದ್ದು ಒಂದೇ ಕೃತಿ, ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’. ಅದನ್ನೂ ಕಾಲೇಜಿನಲ್ಲಿದ್ದಾಗ ಅರ್ಧಕ್ಕೇ ಬಿಟ್ಟಿದ್ದೆ.

ಈ ಸಲ ನಿಘಂಟು ಪಕ್ಕದಲ್ಲಿಟ್ಟುಕೊಂಡು ಪೂರ್ತಿ ಓದಿದೆ. ಈ ಬರಹ ಆ ಓದಿನ ಫಲ. ಮೊದಲೇ ಹೇಳಿಬಿಡುತ್ತೇನೆ: ಕಾವ್ಯದ ಮೇಲಿನ ಗೌರವ ನನಗೆ ಹೆಚ್ಚಿತು, ಅದು ಸಾಲದು ಎಂಬ ಭಾವನೆಯೂ ಜೊತೆಗೇ ಹೆಚ್ಚಿತು.

*ಒಂದು ದಿನದ ಕಾವ್ಯ*

ಗೋವಿಂದ ಪೈಗಳು (1883–1963) ಕನ್ನಡ ಕಾವ್ಯದಲ್ಲಿ ಪ್ರಾಸ ಬಿಟ್ಟ ಧೈರ್ಯಕ್ಕೆ ಹೆಸರಾದವರು. ಹತ್ತಾರು ಭಾಷೆಗಳನ್ನು ಬಲ್ಲವರು, ಸಂಶೋಧಕರು, 1949ರಲ್ಲಿ ಮದ್ರಾಸ್ ಸರ್ಕಾರದಿಂದ ರಾಷ್ಟ್ರಕವಿ ಎನಿಸಿಕೊಂಡವರು. 1930ರ ದಶಕದಲ್ಲಿ ಬಂದ ‘ಗೊಲ್ಗೊಥಾ’ ಯೇಸುವಿನ ಕಡೆಯ ದಿನವನ್ನು ಹೇಳುವ ಖಂಡಕಾವ್ಯ. ಆಮೇಲೆ ಬುದ್ಧನ ಕಡೆಯ ದಿನವನ್ನು ಕುರಿತು ‘ವೈಶಾಖಿ’ ಬಂತು. ಕೃಷ್ಣನ ಕೊನೆಗಾಲದ ‘ಪ್ರಭಾಸ’ಕ್ಕೂ ಗಾಂಧೀಜಿಯ ಕೊನೆಯನ್ನು ಹೇಳಬೇಕಿದ್ದ ‘ದೆಹಲಿ’ಗೂ ಅವರು ಕೈ ಹಾಕಿದರು. ‘ದೆಹಲಿ’ ಮುಗಿಯಲಿಲ್ಲ.

ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಪೈಗಳ ಯೋಜನೆ ಸ್ಪಷ್ಟವಾಗುತ್ತದೆ. ಅವರಿಗೆ ಬೇಕಾದದ್ದು ಮತವಲ್ಲ, ಮರಣ. ದೊಡ್ಡ ಜೀವವೊಂದು ಕೊನೆಯ ಗಳಿಗೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು. ಹಾಗಾಗಿ ಯೇಸು, ಬುದ್ಧ, ಕೃಷ್ಣ, ಗಾಂಧಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಸಾರಸ್ವತ ಬ್ರಾಹ್ಮಣ ಮನೆತನದ ಕವಿಯೊಬ್ಬರು, ಮಿಷನರಿಗಳ ಹಂಗೂ ಇಲ್ಲದೆ, ಮಿಷನರಿಗಳ ಮೇಲಿನ ಸಿಟ್ಟೂ ಇಲ್ಲದೆ ಯೇಸುವನ್ನು ಹಳಗನ್ನಡದ ಗತ್ತಿನಲ್ಲಿ ಬರಮಾಡಿಕೊಂಡರು. ಇವತ್ತು ಇದನ್ನು ನೆನೆದರೇ ಬೆರಗಾಗುತ್ತದೆ. ಆದರೆ ಪೈಗಳ ಊರಿನ ಮಟ್ಟಿಗೆ ಇದು ಅಷ್ಟೇನೂ ವಿಚಿತ್ರವಲ್ಲ. ಮಂಜೇಶ್ವರದ ಸುತ್ತಲಲ್ಲಿ ದೇವಸ್ಥಾನ, ಬಸದಿ, ಚರ್ಚು, ಮಸೀದಿ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಕನ್ನಡ, ತುಳು, ಕೊಂಕಣಿ, ಮಲಯಾಳ, ಬ್ಯಾರಿ ಒಂದೇ ಸಂತೆಯಲ್ಲಿ ಕೇಳುವ ನೆಲ ಅದು.

ಭಾಷೆಯ ವಿಷಯದಲ್ಲೂ ಪೈಗಳು ಒಂದು ಆಯ್ಕೆ ಮಾಡಿದರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಪೂರ್ತಿಗೊಳಿಸಿದ ಬೈಬಲ್ ಅನುವಾದದಿಂದ ಶುರುವಾಗಿ ಕನ್ನಡದಲ್ಲಿ ಒಂದು ‘ಚರ್ಚಿನ ಕನ್ನಡ’ ಬೆಳೆದಿತ್ತು. ಸರಳ, ಸ್ವಲ್ಪ ಅಡ್ಡಾದಿಡ್ಡಿ, ಕೇಳಿದ ಕೂಡಲೇ ಗುರುತು ಸಿಗುವಂಥದ್ದು. ಓದು ಬಲ್ಲ ಹಿಂದೂಗಳು ಅದನ್ನು ‘ಪಾದ್ರಿ ಕನ್ನಡ’ ಎಂದು ನಗುತ್ತಿದ್ದರು. ಪೈಗಳು ಕಥೆಯನ್ನು ಆ ಕನ್ನಡದಿಂದ ಎತ್ತಿ ಸಂಸ್ಕೃತ ಸಮಾಸಗಳೂ ಹಳಗನ್ನಡ ರೂಪಗಳೂ ಕೂಡಿದ ಕಾವ್ಯಭಾಷೆಯಲ್ಲಿ ಇಟ್ಟರು. ಗಳಿಸಿದ್ದು ಘನತೆ: ಯೇಸು ಪಂಪ–ರನ್ನರ ನಾಯಕರ ಪಕ್ಕದಲ್ಲಿ ಕೂರಬಲ್ಲವನಾದ. ಕಳೆದುಕೊಂಡದ್ದು ಬೀದಿ. ಈ ಭಾಷೆಯಲ್ಲಿ ಬೆಳಗಿನ ಜಾವದ ಕೋಳಿ ಕೂಗಬಹುದು. ಮಾರುವವರು, ಚೌಕಾಸಿ ಮಾಡುವವರು, ದೂರದ ಊರಿಂದ ಹಬ್ಬಕ್ಕೆ ಬಂದು ತಂಗಲು ಜಾಗ ಹುಡುಕುವವರು ಉಸಿರಾಡುವುದು ಕಷ್ಟ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ.

*ಗೋಡೆಯಾಚೆ*

ಗೊಲ್ಗೊಥಾ ಊರಿನ ಹೆಸರಲ್ಲ. ತಲೆಬುರುಡೆ ಎಂಬ ಅರ್ಥದ ಅರಮಾಯಿಕ್ ಮಾತು; ಕನ್ನಡ ಬೈಬಲ್ಲು ಅದನ್ನು ಕಪಾಲಸ್ಥಳ ಎಂದು ವಿವರಿಸುತ್ತದೆ. ಅಪರಾಧಿಗಳನ್ನು ಕೊಲ್ಲುತ್ತಿದ್ದ, ಊರ ಗೋಡೆಯ ಹೊರಗಿನ ಜಾಗ. ಕವಿ ಈ ಹೆಸರನ್ನು ಆರಿಸಿಕೊಂಡದ್ದರಲ್ಲೇ ಕಾವ್ಯದ ನಿಲುವಿದೆ. ಅದು ಕೊಲ್ಲುವ ಊರಿನ ಜೊತೆ ನಿಲ್ಲುವುದಿಲ್ಲ, ಹೊರಗೆ ತಳ್ಳಿಸಿಕೊಂಡವನ ಜೊತೆ ನಿಲ್ಲುತ್ತದೆ. ನೈತಿಕವಾಗಿ ಇದು ಸರಿಯಾದ ಜಾಗವೇ. ಆದರೆ ಅಲ್ಲಿಂದ ನೋಡಿದರೆ ಊರು ಬರಿಯ ಗೋಡೆಯಾಗಿ, ಗದ್ದಲವಾಗಿ ಕಾಣುತ್ತದೆ.

ಆ ಊರಲ್ಲಿ ಅಂದು ಏನು ನಡೆಯುತ್ತಿತ್ತು? ಪಸ್ಕ ಹಬ್ಬ. ಐಗುಪ್ತದ ದಾಸ್ಯದಿಂದ ಬಿಡುಗಡೆಯಾದ ನೆನಪಿಗೆ ಯೆಹೂದ್ಯರು ದೂರದೂರದಿಂದ ನಡೆದು ಬರುತ್ತಿದ್ದ ಹಬ್ಬ. ಗುಡ್ಡದ ಮೇಲೆ ಹೆರೋದ ಹಿಗ್ಗಿಸಿ ಕಟ್ಟಿಸಿದ ದೇವಾಲಯ. ಅದಕ್ಕೂ ಮುಂಚಿನ ದೇವಾಲಯವನ್ನು ಬಾಬಿಲೋನಿನವರು ಕ್ರಿ.ಪೂ. 586ರ ಸುಮಾರಿಗೆ ಸುಟ್ಟಿದ್ದರು. ಯೇಸುವಿನ ನಂತರ ಒಂದು ತಲೆಮಾರು ದಾಟುವುದರೊಳಗೆ, ಕ್ರಿ.ಶ. 70ರಲ್ಲಿ, ರೋಮನ್ ಸೇನೆ ಇದನ್ನೂ ಸುಟ್ಟಿತು. ಅಂದಿನಿಂದ ಇಂದಿನವರೆಗೆ ಯೆಹೂದ್ಯರ ಪ್ರಾರ್ಥನೆಯ ದಿಕ್ಕು ಇಲ್ಲವಾದ ಆ ಮನೆಯ ಕಡೆಗೆ. ಪಸ್ಕದ ಊಟ ಮುಗಿಯುವುದು ಬರುವ ವರ್ಷ ಯೆರೂಸಲೇಮಿನಲ್ಲಿ ಸೇರೋಣ ಎಂಬ ಹಾರೈಕೆಯಿಂದ. ಮದುವೆಯ ಸಂತೋಷದ ನಡುವೆ ಗಾಜಿನ ಲೋಟವೊಂದನ್ನು ತುಳಿದು ಒಡೆಯುವುದೂ ಆ ನಾಶದ ನೆನಪಿಗೆ ಎನ್ನುತ್ತಾರೆ. ಉಳಿದಿರುವ ಪಶ್ಚಿಮದ ಗೋಡೆ ದೇವಾಲಯದ ಗೋಡೆಯೂ ಅಲ್ಲ, ಅದು ನಿಂತಿದ್ದ ಜಗಲಿಯ ಆಧಾರದ ಕಟ್ಟೆ.

ಇದು ಗೊತ್ತಿಲ್ಲದೆ ಕಡೆಯ ದಿನದ ಕಥೆ ಓದಿದರೆ ಯೆಹೂದ್ಯ ಎಂದರೆ ಪಿಲಾತನ ಮುಂದೆ ಕೂಗುವ ಗುಂಪು ಅಷ್ಟೇ. ಯೇಸು, ಅವನ ತಾಯಿ, ಶಿಷ್ಯರು ಎಲ್ಲರೂ ಯೆಹೂದ್ಯರೇ, ಅದೇ ಹಬ್ಬಕ್ಕೆ ಬಂದವರೇ ಎಂಬುದು ಮರೆತೇ ಹೋಗುತ್ತದೆ. ಯೂರೋಪಿನಲ್ಲಿ ಈ ಮರೆವಿನ ಬೆಲೆ ದೊಡ್ಡದು. ಶುಭ ಶುಕ್ರವಾರದ ಕಥೆ ಕೇಳಿ ಹೊರಬಂದ ಜನ ಯೆಹೂದ್ಯರ ಕೇರಿಗೆ ನುಗ್ಗಿದ ಉದಾಹರಣೆಗಳಿವೆ. ಯೇಸುವಿನ ಸಾವಿನ ಹೊಣೆಯನ್ನು ಇಡೀ ಜನಾಂಗದ ಮೇಲೆ ಹೊರಿಸಲಾಗದು ಎಂದು ಕ್ಯಾಥೊಲಿಕ್ ಚರ್ಚು ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1965ರಲ್ಲಿ, ಅಧಿಕೃತವಾಗಿ ಹೇಳಿತು. ಪೈಗಳು ಅದಕ್ಕಿಂತ ಮೂರು ದಶಕ ಮುಂಚೆ ಬರೆದವರು. ಅವರಲ್ಲಿ ದ್ವೇಷವಿತ್ತು ಎಂದು ನಾನು ಹೇಳುತ್ತಿಲ್ಲ. ಅವರ ಒಟ್ಟು ಬರಹ ಅದಕ್ಕೆ ವಿರುದ್ಧವಾಗಿದೆ. ಕನ್ನಡದ ಓದುಗನಿಗೆ ಪಕ್ಕದ ಮನೆಯಲ್ಲಿ ಯೆಹೂದ್ಯನಿರಲಿಲ್ಲ, ಹಾಗಾಗಿ ಆ ಗುಂಪನ್ನು ಅವನು ಯಾವ ಊರಿನ ಗುಂಪನ್ನಾದರೂ ಮಾಡಿಕೊಂಡು ಓದಬಲ್ಲ, ಅದೂ ನಿಜ. ಆದರೆ ಫಲಿತಾಂಶ ನೋಡಿ. ಯೆಹೂದ್ಯ ನಮ್ಮ ಓದಿಗೆ ಮೊದಲು ಬಂದದ್ದು ಶಿಲುಬೆಗೆ ಹಾಕೆಂದು ಕೂಗುವವನಾಗಿ. ಆಮೇಲೆ ಬಂದದ್ದು ಪತ್ರಿಕೆಗಳಲ್ಲಿ, ಬಲಿಷ್ಠ ಸೇನೆಯ ದೇಶದವನಾಗಿ. ಪ್ರಾರ್ಥಿಸುವ, ಕಳೆದುಕೊಂಡದ್ದನ್ನು ನೆನೆಯುವ ಮನುಷ್ಯನಾಗಿ ಅವನು ನಮ್ಮಲ್ಲಿಗೆ ಬರಲೇ ಇಲ್ಲ.

ನಾನೂ ಅದನ್ನು ಕಂಡದ್ದು ಪುಸ್ತಕದಲ್ಲಲ್ಲ. ದೆಹಲಿಯ ಹುಮಾಯೂನ್ ರಸ್ತೆಯಲ್ಲಿ, ಖಾನ್ ಮಾರ್ಕೆಟ್ ಹತ್ತಿರ, 1956ರಲ್ಲಿ ಕಟ್ಟಿದ ಜೂಡಾ ಹಯಾಮ್ ಸಿನಗಾಗ್ ಇದೆ. ಚಿಕ್ಕದು, ಪಕ್ಕದಲ್ಲಿ ಸ್ಮಶಾನ. ಹೊರಗೆ ಕಾಫಿ ಅಂಗಡಿಗಳ ಗಲಾಟೆ. ವರ್ಷಗಟ್ಟಲೆ ಆ ರಸ್ತೆಯಲ್ಲಿ ಓಡಾಡಿದ್ದರೂ ಈ ಓದು ಶುರುವಾಗುವವರೆಗೆ ಅದರ ಎದುರು ನಿಂತಿರಲಿಲ್ಲ. ಭಾರತದಿಂದ ಯೆರೂಸಲೇಮ್ ಪಶ್ಚಿಮಕ್ಕೆ. ಇಲ್ಲಿಂದ ಮೆಕ್ಕಾ ಕೂಡ ಪಶ್ಚಿಮಕ್ಕೇ. ದೆಹಲಿಯಲ್ಲಿ ಯೆಹೂದ್ಯನೂ ಮುಸ್ಲಿಮನೂ ಪ್ರಾರ್ಥನೆಗೆ ನಿಂತರೆ ಮುಖ ಹೆಚ್ಚುಕಡಿಮೆ ಒಂದೇ ಕಡೆಗೆ.

*ಶುಕ್ರವಾರದಲ್ಲಿ ನಿಂತ ಕಥೆ*

ಇನ್ನು ಕ್ರೈಸ್ತರ ಯೆರೂಸಲೇಮಾದರೂ ‘ಗೊಲ್ಗೊಥಾ’ದಲ್ಲಿ ಪೂರ್ತಿ ಬಂದಿದೆಯೇ? ಇಲ್ಲ ಎನ್ನುತ್ತೇನೆ. ‘ಕಡೆಯ ದಿನ’ ಎಂಬ ಚೌಕಟ್ಟಿನಲ್ಲಿ ಭಾನುವಾರಕ್ಕೆ ಜಾಗವಿಲ್ಲ. ಶುಕ್ರವಾರದ ಸಾವು ಯೇಸುವನ್ನು ಬುದ್ಧ–ಗಾಂಧಿಯರ ಸಾಲಿಗೆ ಸೇರಿಸುತ್ತದೆ. ಆದರೆ ನಂಬುವ ಕ್ರೈಸ್ತನಿಗೆ ಕಥೆ ಅಲ್ಲಿ ಮುಗಿಯುವುದಿಲ್ಲ, ಮೂರನೆಯ ದಿನ ಸಮಾಧಿ ಬರಿದಾಗಿತ್ತು ಎಂಬಲ್ಲಿ ಅವನ ನಂಬಿಕೆ ಶುರುವಾಗುತ್ತದೆ. ಆ ಊರು ಅವನಿಗೆ ಪವಿತ್ರವಾಗಿರುವುದು ಅಲ್ಲೊಬ್ಬ ಸತ್ತ ಎಂಬುದಕ್ಕೆ ಮಾತ್ರವಲ್ಲ, ಅಲ್ಲಿ ಸಾವು ಸೋತಿತು ಎಂಬುದಕ್ಕೆ. ಕಾನ್‌ಸ್ಟಂಟೈನ್ ಕಟ್ಟಿಸಿ 335ರಲ್ಲಿ ಪ್ರತಿಷ್ಠೆಯಾದ ಚರ್ಚಿನ ಒಳಗೆ ಜನ ಮುಗಿಬಿದ್ದು ನೋಡುವುದು ಏನೂ ಇಲ್ಲದ ಒಂದು ಗೋರಿಯನ್ನು. ಪೈಗಳು ದುರಂತ ಬರೆದರು, ಸುವಾರ್ತೆ ಬರೆಯಲಿಲ್ಲ. ಅದು ಅವರ ಹಕ್ಕು, ಶಕ್ತಿಯೂ ಹೌದು. ಆದರೆ ‘ಕನ್ನಡದ ಕ್ರಿಸ್ತಕಾವ್ಯ’ ಎಂದು ಹೆಮ್ಮೆಪಡುವಾಗ ಕ್ರೈಸ್ತರ ಅರ್ಧ ಮಾತನ್ನಷ್ಟೇ ನಾವು ಕೇಳಿಸಿಕೊಂಡಿದ್ದೇವೆ ಎಂಬ ಎಚ್ಚರ ಬೇಕು.

ಇನ್ನೊಂದು ವಿಚಿತ್ರವೂ ಇದೆ. ಗೋಡೆಯಾಚೆ ಇದ್ದ ಆ ಗುಡ್ಡ ಹೆಚ್ಚು ಕಾಲ ಆಚೆ ಉಳಿಯಲಿಲ್ಲ. ಒಂದನೇ ಶತಮಾನದ ನಲವತ್ತರ ದಶಕದಲ್ಲೇ ಊರು ಬೆಳೆದು ಹೊಸ ಗೋಡೆ ಅದನ್ನು ಒಳಗೆ ಎಳೆದುಕೊಂಡಿತು. ಇವತ್ತು ಸಂಪ್ರದಾಯ ತೋರಿಸುವ ಗೊಲ್ಗೊಥಾ ಹಳೆಯ ಪಟ್ಟಣದ ನಟ್ಟನಡುವೆ, ಅಂಗಡಿ ಬೀದಿಗಳ ಮಧ್ಯೆ, ಅದೇ ಚರ್ಚಿನ ಒಳಗಿದೆ. ಗ್ರೀಕ್, ಲ್ಯಾಟಿನ್, ಆರ್ಮೇನಿಯನ್ ಮೊದಲಾದ ಪಂಗಡಗಳು ಅಲ್ಲಿ ಅಂಗುಲ ಅಂಗುಲಕ್ಕೂ ಕಿತ್ತಾಡಿ, ಕೊನೆಗೆ ಒಟ್ಟೋಮನ್ ಸುಲ್ತಾನ 1852ರಲ್ಲಿ ‘ಇದ್ದದ್ದು ಇದ್ದ ಹಾಗೇ ಇರಲಿ’ ಎಂದು ಆಜ್ಞೆ ಮಾಡಬೇಕಾಯಿತು. ಬಾಗಿಲ ಮೇಲಿನ ಕಿಟಕಿಗೆ ಒರಗಿಸಿದ ಏಣಿಯೊಂದನ್ನು ತೆಗೆಯಲೂ ಒಮ್ಮತವಿಲ್ಲ. ಬಾಗಿಲ ಕೀಲಿ ಮಾತ್ರ ಶತಮಾನಗಳಿಂದ ಒಂದು ಮುಸ್ಲಿಂ ಮನೆತನದ ಹತ್ತಿರ, ಬಾಗಿಲು ತೆರೆಯುವ ಕೆಲಸ ಇನ್ನೊಂದು ಮುಸ್ಲಿಂ ಮನೆತನದ್ದು. ಜೂದೆ ಮತ್ತು ನುಸೈಬೆ ಎಂದು ಅವರ ಹೆಸರು. ಮಂಜೇಶ್ವರದ ಕವಿಗೆ ಈ ಊರು ಖಂಡಿತ ಅರ್ಥವಾಗುತ್ತಿತ್ತು. ಆದರೆ ಒಂದು ದಿನದ ಕಾವ್ಯದಲ್ಲಿ ಅದಕ್ಕೆ ಜಾಗವಿರಲಿಲ್ಲ.

*ಮೂರನೆಯ ಹೆಸರು*

ಮುಸ್ಲಿಮರ ಯೆರೂಸಲೇಮ್ ಯೇಸುವಿನ ಕಾಲದ ಕಾವ್ಯದಲ್ಲಿ ಬರುವಂತಿಲ್ಲ, ಅದಕ್ಕೆ ಪೈಗಳನ್ನು ದೂರುವುದು ತಪ್ಪು. ಆದರೆ ಅದು ಕನ್ನಡದಲ್ಲಿ ಎಲ್ಲಿದೆ ಎಂದು ಕೇಳಬಹುದು. ಇದೆ. ಕರಾವಳಿಯ ಮುಸ್ಲಿಂ ಬರಹಗಳಲ್ಲಿ, ಮಸೀದಿಯ ಪ್ರವಚನಗಳಲ್ಲಿ ‘ಬೈತುಲ್ ಮುಖದ್ದಸ್’ ಎಂಬ ಹೆಸರಲ್ಲಿ ಇದೆ. ನಮ್ಮ ಸಾಹಿತ್ಯ ಆ ಕಡೆ ತಲೆ ಹಾಕಿ ನೋಡಿಲ್ಲ ಅಷ್ಟೇ. ಆ ಹೆಸರಿನ ಅರ್ಥ ಪವಿತ್ರ ಮನೆ. ಹೀಬ್ರೂವಿನಲ್ಲಿ ಯೆಹೂದ್ಯರು ತಮ್ಮ ದೇವಾಲಯವನ್ನು ಕರೆಯುವುದು ‘ಬೇತ್ ಹಮಿಕ್ದಾಶ್’ ಎಂದು. ಎರಡೂ ಒಂದೇ ಬೇರಿನ ಮಾತುಗಳು. ಬೈಬಲ್ಲಿನ ‘ಯೆರೂಸಲೇಮ್’, ಪತ್ರಿಕೆಯ ‘ಜೆರುಸಲೇಮ್’, ಮಸೀದಿಯ ‘ಬೈತುಲ್ ಮುಖದ್ದಸ್’ ಕನ್ನಡದ ಕಪಾಟಿನಲ್ಲಿ ಬೇರೆ ಬೇರೆ ಅರೆಗಳಲ್ಲಿ ಕೂತಿವೆ, ಒಂದೇ ಊರಿನ ಹೆಸರುಗಳೆಂದು ಗುರುತೇ ಸಿಗದ ಹಾಗೆ.

ಇಸ್ಲಾಮಿನಲ್ಲಿ ಆ ಊರು ಮೊದಲ ಕಿಬ್ಲಾ. ಮದೀನಾಕ್ಕೆ ಬಂದ ಮೇಲೂ ಒಂದೂವರೆ ವರ್ಷದ ಹತ್ತಿರ ಪ್ರವಾದಿಯವರೂ ಅನುಯಾಯಿಗಳೂ ಆ ದಿಕ್ಕಿಗೇ ನಮಾಜು ಮಾಡಿದರು, ಆಮೇಲೆ ಮುಖ ಮೆಕ್ಕಾದ ಕಡೆ ತಿರುಗಿತು. ಒಂದೇ ರಾತ್ರಿಯಲ್ಲಿ ಮೆಕ್ಕಾದಿಂದ ದೂರದ ಮಸೀದಿಗೆ ನಡೆದ ಪಯಣವನ್ನು ಕುರ್‌ಆನಿನ ಹದಿನೇಳನೆಯ ಅಧ್ಯಾಯ ಹೇಳುತ್ತದೆ. ಅಲ್ಲಿಂದ ಸ್ವರ್ಗಾರೋಹಣ ಎಂಬುದು ನಂಬಿಕೆ. ಏಳನೇ ಶತಮಾನದ ಕೊನೆಗೆ ಖಲೀಫ ಅಬ್ದುಲ್ ಮಲಿಕ್ ಬಂಡೆಯೊಂದರ ಮೇಲೆ ಗುಮ್ಮಟ ಕಟ್ಟಿಸಿದ. ದೇವಾಲಯ ನಿಂತಿತ್ತೆನ್ನುವ ಜಗಲಿಯೂ ಅದೇ. ಪಶ್ಚಿಮದ ಗೋಡೆಗೆ ಮುಸ್ಲಿಮರಲ್ಲಿ ಅಲ್ ಬುರಾಖ್ ಎಂಬ ಹೆಸರು, ಪ್ರವಾದಿಯವರ ವಾಹನವನ್ನು ಕಟ್ಟಿದ ಜಾಗವೆಂದು. ಒಂದೇ ಕಲ್ಲು, ಎರಡು ಹೆಸರು. 1929ರಲ್ಲಿ ಆ ಗೋಡೆಯ ವಿಚಾರವಾಗಿಯೇ ಪ್ಯಾಲೆಸ್ಟೈನಿನಲ್ಲಿ ಭೀಕರ ಗಲಭೆಯಾಯಿತು. ಪೈಗಳು ‘ಗೊಲ್ಗೊಥಾ’ ಕೊಟ್ಟ ಹೊತ್ತಿನ ಊರು ಇದು. 1931ರ ಜನವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಮೌಲಾನಾ ಮೊಹಮ್ಮದ್ ಅಲಿ ಅವರನ್ನು, ನಮ್ಮ ದೆಹಲಿಯ ಜಾಮಿಯಾ ಮಿಲ್ಲಿಯಾದ ಸ್ಥಾಪಕರಲ್ಲೊಬ್ಬರನ್ನು, ಮಣ್ಣು ಮಾಡಿದ್ದು ಆ ಜಗಲಿಯ ಪಕ್ಕದಲ್ಲೇ.

ಮೂರನ್ನೂ ಒಟ್ಟಿಗೆ ಇಟ್ಟರೆ ಒಂದು ಸಂಗತಿ ಕಾಣುತ್ತದೆ. ಯೆಹೂದ್ಯರಿಗೆ ಸುಟ್ಟುಹೋದ ಮನೆ, ಕ್ರೈಸ್ತರಿಗೆ ಬರಿದಾದ ಗೋರಿ, ಮುಸ್ಲಿಮರಿಗೆ ಪ್ರವಾದಿ ಮೇಲೇರಿ ಹೋದ ಬಂಡೆ. ಮೂವರೂ ಕಾಯುತ್ತಿರುವುದು ಈಗ ಅಲ್ಲಿ ಇಲ್ಲದ್ದನ್ನು. ನೆನಪು ಯಾರದ್ದಾದರೂ ಇನ್ನೊಬ್ಬರ ನೆನಪಿಗೆ ಅಡ್ಡಿಯಾಗಬೇಕಿಲ್ಲ. ನೆಲ ಹಾಗಲ್ಲ. ಒಬ್ಬ ಬಾಗಿಲು ಹಾಕಿದರೆ ಇನ್ನೊಬ್ಬ ಹೊರಗೆ. ಈ ಬಿಕ್ಕಟ್ಟು ತಿಳಿಯಬೇಕಾದರೆ ಒಂದು ದಿನದ ಕಥೆ ಸಾಲದು, ಮರುದಿನ ಬೆಳಗಾದ ಮೇಲೂ ಅಲ್ಲೇ ಬದುಕಬೇಕಾದವರ ಕಥೆ ಬೇಕು.

*ಮುಗಿಯದ ‘ದೆಹಲಿ’*

ಅದಕ್ಕೇ ನನಗೆ ಪೈಗಳ ‘ದೆಹಲಿ’ ಮುಖ್ಯವಾಗುತ್ತದೆ. ಗಾಂಧೀಜಿಯ ಕೊನೆಗೆ ಅವರು ಇಟ್ಟ ಹೆಸರು ಈ ನಗರದ್ದು, ಬಿರ್ಲಾ ಭವನದ್ದೋ ರಾಜಘಾಟದ್ದೋ ಅಲ್ಲ. ಈ ಸಲ ಗೋಡೆಯಾಚೆಯ ಗುಡ್ಡವಲ್ಲ, ಇಡೀ ಊರೇ ಶೀರ್ಷಿಕೆ. ಆ ಸಾವನ್ನು ಜನವರಿ 30ರ ಒಂದೇ ದಿನದಲ್ಲಿ ಹೇಳಲು ಆಗುವುದಿಲ್ಲ ಎಂಬುದು ನನ್ನ ವಾದ. 1948ರ ಜನವರಿ 13ರಿಂದ 18ರವರೆಗೆ ಗಾಂಧೀಜಿ ಉಪವಾಸ ಕೂತರು. ನಿಲ್ಲಿಸಲು ಅವರು ಕೇಳಿದ್ದು ಊರಿನ ಲೆಕ್ಕ: ಆಕ್ರಮಿಸಿದ ಮಸೀದಿಗಳನ್ನು ಹಿಂತಿರುಗಿಸಿ, ಮುಸ್ಲಿಮರು ಹೆದರದೆ ಓಡಾಡುವಂತಾಗಲಿ, ಮೆಹರೌಲಿಯ ಖ್ವಾಜಾ ಕುತುಬುದ್ದೀನ್ ಬಖ್ತಿಯಾರ್ ಕಾಕಿ ದರ್ಗಾದ ಉರುಸು ಎಂದಿನಂತೆ ನಡೆಯಲಿ. ಉರುಸು ನಡೆಯಿತು. 27ರಂದು ಅವರೇ ಅಲ್ಲಿಗೆ ಹೋದರು. ಮೂರನೇ ದಿನ ಕೊಲೆಯಾದರು.

ಈ ಚಳಿಗಾಲದಲ್ಲಿ ಒಂದು ಭಾನುವಾರ ಹಳದಿ ಲೈನ್ ಮೆಟ್ರೋ ಹಿಡಿದು ಮೆಹರೌಲಿಗೆ ಹೋದೆ. ದರ್ಗಾದಲ್ಲಿ ಗುಲಾಬಿ, ಅಗರಬತ್ತಿ, ಜನ. ಸ್ವಲ್ಪ ದೂರದಲ್ಲೇ ಯೋಗಮಾಯಾ ದೇವಸ್ಥಾನ. ಬಖ್ತಿಯಾರ್ ಕಾಕಿಯ ಶಿಷ್ಯರು ಬಾಬಾ ಫರೀದ್, ಅವರ ಶಿಷ್ಯರು ನಿಜಾಮುದ್ದೀನ್ ಔಲಿಯಾ. ಬಾಬಾ ಫರೀದರು 1200ರ ಸುಮಾರಿಗೆ ಯೆರೂಸಲೇಮಿಗೆ ಹೋಗಿ ತಪಸ್ಸು ಮಾಡಿದರು ಎಂಬ ಐತಿಹ್ಯವಿದೆ. ಹಳೆಯ ಪಟ್ಟಣದಲ್ಲಿ ಹೆರೋದನ ಬಾಗಿಲ ಹತ್ತಿರ ಅವರ ಹೆಸರಿನ ನೆನಪಿಗೆ ಇಂದಿಗೂ ‘ಹಿಂದಿ ಝಾವಿಯಾ’, ಅಂದರೆ ಭಾರತೀಯರ ಧರ್ಮಛತ್ರ, ಇದೆ. 1924ರಿಂದ ಅದನ್ನು ನೋಡಿಕೊಳ್ಳುತ್ತಿರುವುದು ನಮ್ಮ ದೆಹಲಿಗೆ ನಾಲ್ಕೈದು ಗಂಟೆ ದೂರದ ಸಹಾರನ್‌ಪುರದಿಂದ ಹೋದ ಅನ್ಸಾರಿ ಮನೆತನ. 1967ರ ಯುದ್ಧದಲ್ಲಿ ಛತ್ರದ ಮೇಲೆ ಶೆಲ್ ಬಿದ್ದು ಆ ಮನೆಯವರೂ ಸತ್ತರು. ಉಳಿದವರು ಮತ್ತೆ ಕಟ್ಟಿ ಅಲ್ಲೇ ಉಳಿದರು.

ಹಾಗಾದರೆ ಗಾಂಧೀಜಿ ಕೊನೆಯ ವಾರದಲ್ಲಿ ಹೋದ ಅಂಗಳದಿಂದ ಯೆರೂಸಲೇಮಿಗೆ ಒಂದು ದಾರಿ ಇತ್ತು. ‘ಗೊಲ್ಗೊಥಾ’ ಬರೆದ ಕವಿ ‘ದೆಹಲಿ’ಯನ್ನು ಪೂರ್ತಿಗೊಳಿಸಿದ್ದರೆ ಆ ದಾರಿ ಕನ್ನಡಕ್ಕೆ ಸಿಗುತ್ತಿತ್ತೋ ಏನೋ, ಊಹೆ ಬೇಡ. ಸಿಗದೆ ಉಳಿದದ್ದು ಮಾತ್ರ ನಿಜ. ನಮಗೆ ಕೈಯಲ್ಲಿರುವುದು ಒಬ್ಬ ನಿರಪರಾಧಿಯ ಶುಕ್ರವಾರ. ಅದನ್ನು ಅಷ್ಟು ಘನವಾಗಿ ಕೊಟ್ಟದ್ದಕ್ಕೆ ಪೈಗಳಿಗೆ ಋಣಿ. ಅದರ ಸುತ್ತಲಿನ ಊರನ್ನು, ಅಲ್ಲಿನ ಮೂರು ನೆನಪುಗಳನ್ನು ಕನ್ನಡದಲ್ಲಿ ಕಟ್ಟುವ ಕೆಲಸ ಬಾಕಿ ಇದೆ. ಅದನ್ನು ಮಾಡಬೇಕಾದವರು ಊರು ಬಿಟ್ಟು ಊರಲ್ಲಿ ಬದುಕುತ್ತಿರುವ ನಮ್ಮಂಥವರೇ ಇರಬಹುದು.

ನಮ್ಮ ಗುಂಪಿನಲ್ಲಿ ಇವತ್ತಿಗೂ ಪ್ರಾಜೆಕ್ಟಿನ ಮಾತು ಮಾತ್ರ. ಆ ದಿನ ಜಗಳವಾಡಿದ ಇಬ್ಬರಲ್ಲಿ ಒಬ್ಬರನ್ನು ಮೊನ್ನೆ ಚಹಾಕ್ಕೆ ಕರೆದು ಬಾಬಾ ಫರೀದರ ಛತ್ರದ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಇನ್ನೊಬ್ಬರ ಹತ್ತಿರ ಇನ್ನೂ ಮಾತಾಡಬೇಕು.